ಬೇಸಾಯದ ಮನೆಯಲ್ಲಿ ಬಿಡುವಿನ ವಾಸ

ಇಟಲಿ ದೇಶದ ಟಸ್ಕನಿ ಪ್ರಾಂತವು ಸಣ್ಣ ಗುಡ್ಡಗಳ ಸೀಮೆ. ಗುಡ್ಡದ ನೆತ್ತಿಯ ಮೇಲೆ ಚಿಕ್ಕ ಹಳ್ಳಿ. ಇಳಿಜಾರಿನಲ್ಲಿ ದ್ರಾಕ್ಷಿಯ ತೋಟ, ಆಲಿವ್ ಮರಗಳ ಸಾಲು, ಗೋಧಿಯ ಹೊಲ. ಅವುಗಳ ನಡುವೆ ದೂರದೂರಕ್ಕೊಂದು ಕಲ್ಲಿನ ಮನೆ. ಪಟ್ಟಣದ ಗದ್ದಲದಿಂದ ಬೇಸತ್ತ ಕುಟುಂಬಗಳು ಬೇಸಗೆಯಲ್ಲಿ ಎಂಟು ಹತ್ತು ದಿನ ಈ ಮನೆಗಳಲ್ಲಿ ತಂಗುತ್ತವೆ. ಬೆಳಿಗ್ಗೆ ತೋಟದಲ್ಲಿ ಅಡ್ಡಾಡುವುದು, ಮಧ್ಯಾಹ್ನ ಮರದ ನೆರಳಿನಲ್ಲಿ ವಿಶ್ರಮಿಸುವುದು, ರಾತ್ರಿ ಆ ನೆಲದಲ್ಲಿಯೇ ಬೆಳೆದ ಪದಾರ್ಥಗಳ ಊಟ. ಇಷ್ಟೇ ಅವರ ದಿನಚರಿ. ಈ ಶಾಂತಿಗಾಗಿಯೇ ಅವರು ಹಣ ತೆರುತ್ತಾರೆ.

ಇಂಥ ಎಷ್ಟೋ ಮನೆಗಳು ಒಂದು ಕಾಲಕ್ಕೆ ಬರಿದಾಗಿದ್ದವು. ಒಡೆಯನೂ ಒಕ್ಕಲೂ ಹುಟ್ಟುವಳಿಯನ್ನು ಸಮಪಾಲಾಗಿ ಹಂಚಿಕೊಳ್ಳುವ ಪದ್ಧತಿಯು ಅಲ್ಲಿ ಶತಮಾನಗಳಿಂದ ನಡೆದುಬಂದಿತ್ತು. ಒಕ್ಕಲಿನ ಕುಟುಂಬವು ಹೊಲದ ಮೇಲಣ ಮನೆಯಲ್ಲಿಯೇ ವಾಸಿಸುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಯುವಕರು ಕಾರ್ಖಾನೆಗಳಿರುವ ಪಟ್ಟಣಗಳಿಗೆ ತೆರಳಿದರು. ಹೊಸದಾಗಿ ಪಾಲಿನ ಕರಾರು ಮಾಡಿಕೊಳ್ಳುವುದನ್ನು ೧೯೬೪ರ ಕಾನೂನು ನಿಷೇಧಿಸಿತು. ಕಾಯುವವರಿಲ್ಲದೆ ಮನೆಗಳು ಪಾಳುಬಿದ್ದವು.

ಬೇಸಾಯದ ಮನೆಗಳಲ್ಲಿ ಅತಿಥಿಗಳನ್ನಿರಿಸುವ ಪದ್ಧತಿಗೆ ಪ್ರೋತ್ಸಾಹ ಕೊಡಲು ೧೯೬೫ರಲ್ಲಿ ‘ಅಗ್ರಿತುರಿಸ್ತ್’ ಎಂಬ ಸಂಘವು ಸ್ಥಾಪಿತವಾಯಿತು. ೧೯೮೫ರಲ್ಲಿ ಈ ಬಗ್ಗೆ ಒಂದು ಕಾನೂನು ಹುಟ್ಟಿತು. ೨೦೦೬ರಲ್ಲಿ ಅದರ ಸ್ಥಾನಕ್ಕೆ ಬೇರೊಂದು ಕಾನೂನು ಬಂದಿತು. ಎರಡರ ತಿರುಳೂ ಒಂದೇ: ಅತಿಥಿಗಳನ್ನಿರಿಸುವವನು ಬೇಸಾಯಗಾರನಾಗಿರತಕ್ಕದ್ದು, ಬೇಸಾಯವೇ ಅವನ ಮುಖ್ಯ ಕಸಬಾಗಿ ಉಳಿಯತಕ್ಕದ್ದು. ಯಾವುದು ಮುಖ್ಯವೆಂಬುದನ್ನು ವಿಶೇಷವಾಗಿ ದುಡಿಮೆಯ ಕಾಲದಿಂದ ಅಳೆಯುವರು; ಅತಿಥಿಗಳು ೧೦ ಮಂದಿಯನ್ನು ಮೀರದಿದ್ದರೆ ಬೇಸಾಯವೇ ಮುಖ್ಯವೆಂದು ಭಾವಿಸುವರು. ಜಮೀನಿನಲ್ಲಿ ಮೊದಲೇ ಇರುವ ಕಟ್ಟಡಗಳನ್ನು ಉಪಯೋಗಿಸತಕ್ಕದ್ದು. ಬಡಿಸುವ ಆಹಾರದಲ್ಲಿ ಹೆಚ್ಚಿನ ಪಾಲು ಸ್ವಂತ ಜಮೀನಿನ ಹಾಗೂ ಆ ಸೀಮೆಯ ಇತರ ಜಮೀನುಗಳ ಹುಟ್ಟುವಳಿಯಾಗಿರತಕ್ಕದ್ದು. ೨೦೨೧ರಲ್ಲಿ ಇಟಲಿಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಇಂಥ ಬೇಸಾಯದ ಜಮೀನುಗಳು ೨೫,೦೦೦ಕ್ಕೂ ಮೀರಿದ್ದವು.

ಈ ಕಟ್ಟಳೆಯಲ್ಲಿ ವಿವೇಕವುಂಟು. ದ್ರಾಕ್ಷಿಯ ಬಳ್ಳಿಯನ್ನು ಕಾಲಕಾಲಕ್ಕೆ ಕತ್ತರಿಸಿ, ಹೊಲವನ್ನು ಉತ್ತು ಹಸನುಮಾಡಿದುದರಿಂದಲೇ ಆ ಸೀಮೆಗೆ ಚೆಲುವು ಬಂದಿದೆ. ಹೊಲವು ಬೀಳುಬಿದ್ದರೆ ನೋಟವೂ ಇಲ್ಲ, ಊಟವೂ ಇಲ್ಲ. ಅತಿಥಿಯು ಇನ್ನೊಂದು ಊರನ್ನು ಹುಡುಕಿಕೊಳ್ಳುವನು. ಹೋದ ಅತಿಥಿಯು ಮರಳಿ ಬಂದಾನು. ಬೇಸಾಯವನ್ನು ಮರೆತ ಮನೆಗೆ ಬೇಸಾಯವು ಸುಲಭವಾಗಿ ಮರಳುವುದಿಲ್ಲ.

ಕೊಡಗು, ಚಿಕ್ಕಮಗಳೂರು ಸೀಮೆಗಳ ಕಾಫಿತೋಟಗಳಲ್ಲಿಯೂ ಅತಿಥಿಗಳನ್ನಿರಿಸುವ ಪದ್ಧತಿಯು ಬಳಕೆಗೆ ಬಂದಿರುವುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಪರ್ಯಾಲೋಚಿಸುವುದು ಉಚಿತ. ಬೆಳೆಯ ಬೆಲೆ ಕುಸಿದ ವರ್ಷಕ್ಕೆ ಅತಿಥಿಯ ಹಣವು ಊರುಗೋಲಾಗಬಹುದು. ಆದರೆ ಊರುಗೋಲನ್ನೇ ಕಾಲೆಂದು ಬಗೆಯಬಾರದು. ಸಾಲ ತಂದು ಹೊಸ ಕಟ್ಟಡ ಎಬ್ಬಿಸುವ ಮುನ್ನ ಹಳೆಯ ಮನೆಯ ಛಾವಣಿಯನ್ನು ದುರಸ್ತಿಪಡಿಸಬೇಕು. ಕೊಯ್ಲಿನ ಕಾಲದಲ್ಲಿ ಆಳುಗಳು ಮೊದಲು ತೋಟಕ್ಕೆ ಸಲ್ಲಬೇಕು. ಇಷ್ಟು ಕೋಣೆಗಳೆಂದು ನಿಶ್ಚಯಿಸುವುದಕ್ಕೆ ಮೊದಲು, ಕಡು ಬೇಸಗೆಯಲ್ಲಿ ಬಾವಿಯ ನೀರು ಬೆಳೆಗೂ ದನಕರುಗಳಿಗೂ ಸಾಲುವುದೇ ಎಂದು ಅಳೆದು ನೋಡತಕ್ಕದ್ದು.