ಪಾತಾಳದ ಪ್ರಣಯದಲ್ಲಿ ತಾಯಿಯ ಪಾಲು

ಗ್ರೀಕ್ ಪುರಾಣದ ಹೇಡಿಸ್ ಮತ್ತು ಪರ್ಸೆಫೊನಿಯರ ಕಥೆ ಇಂದಿನ ಇಂಗ್ಲಿಷ್ ಪ್ರಣಯ ಕಾದಂಬರಿಗಳಿಗೆ ಬಲು ಪ್ರಿಯವಾದ ವಸ್ತು. ಸ್ಕಾರ್ಲೆಟ್ ಸೇಂಟ್ ಕ್ಲೇರ್ ಅವರ 'ಎ ಟಚ್ ಆಫ್ ಡಾರ್ಕ್‌ನೆಸ್' (2019), ಕೇಟೀ ರಾಬರ್ಟ್ ಅವರ 'ನಿಯಾನ್ ಗಾಡ್ಸ್' (2021) ಕೃತಿಗಳಲ್ಲಿ ಪಾತಾಳದ ಒಡೆಯನಾದ ಹೇಡಿಸ್ ಬರಿಯ ಅಪಹರಣಕಾರನಾಗಿ ಉಳಿಯದೆ ನಾಯಕಿಯೇ ಒಲಿದು ಬಯಸುವ ಪ್ರಿಯಕರನಾಗಿದ್ದಾನೆ. ಈ ಬದಲಾವಣೆ ಸ್ವಾಗತಾರ್ಹವೇ. ಆದರೆ ಅದರಿಂದ ಸೊರಗಿದವಳು ಪರ್ಸೆಫೊನಿಯ ತಾಯಿ, ಬೆಳೆಯ ದೇವತೆಯಾದ ಡಿಮೀಟರ್. ಮೊದಲ ಕಾದಂಬರಿಯಲ್ಲಿ ಅವಳು ಮಗಳನ್ನು ಗಾಜಿನ ಮನೆಯಲ್ಲಿ ಕೂಡಿಹಾಕಿದವಳು; ಎರಡನೆಯದರಲ್ಲಿ ಮಗಳ ಇಷ್ಟವನ್ನು ಕೇಳದೆ ಅಧಿಪತಿ ಜೀಯಸ್‌ನೊಂದಿಗೆ ಮದುವೆ ಗೊತ್ತುಮಾಡಿದವಳು.

ಹೋಮರನ ಹೆಸರಿನಲ್ಲಿ ಉಳಿದುಬಂದ, 1777ರಲ್ಲಿ ಮಾಸ್ಕೋದ ಹಸ್ತಪ್ರತಿಯೊಂದರಲ್ಲಿ ಮತ್ತೆ ಬೆಳಕಿಗೆ ಬಂದ ಪ್ರಾಚೀನ ಡಿಮೀಟರ್ ಸ್ತೋತ್ರದಲ್ಲಿ ಕಥೆಯನ್ನು ನಡೆಸುವುದು ತಾಯಿಯ ದುಃಖ. ಅವಳು ಮುನಿದಾಗ ಬಿತ್ತಿದ ಬೀಜ ಮೊಳೆಯುವುದಿಲ್ಲ, ದೇವತೆಗಳಿಗೆ ಹವಿಸ್ಸೂ ತಪ್ಪುವ ಕಾಲ ಬರುತ್ತದೆ. ಅಲ್ಲಿನ ದಾಳಿಂಬೆಯ ಪ್ರಸಂಗವಂತೂ ಎಷ್ಟು ಕೆದಕಿದರೂ ಮುಗಿಯದು: ಹೇಡಿಸ್ ಗುಟ್ಟಾಗಿ ಒಂದು ಕಾಳನ್ನು ತಿನ್ನಿಸಿದನೆಂದು ಕವಿ ಹೇಳಿದರೆ, ಬಲವಂತವಾಗಿ ತಿನ್ನಿಸಿದನೆಂದು ಮಗಳು ತಾಯಿಗೆ ಹೇಳುತ್ತಾಳೆ. ರೋಮನ್ ಕವಿ ಓವಿಡ್‌ನ 'ಮೆಟಮಾರ್ಫೊಸೀಸ್' ಕಾವ್ಯದಲ್ಲಿ ಮಗಳೇ ತೋಟದಲ್ಲಿ ಹಣ್ಣು ಕಿತ್ತು ಏಳು ಕಾಳು ತಿನ್ನುತ್ತಾಳೆ. ಹಣ್ಣು ತಿಂದುದಕ್ಕೆ ಅವಳು ಅನುಭವಿಸಬೇಕಾದ ಪಾತಾಳವಾಸವೂ ಸ್ತೋತ್ರದಲ್ಲಿದ್ದ ವರ್ಷದ ಮೂರರಲ್ಲೊಂದು ಪಾಲಿನಿಂದ ಅರ್ಧಕ್ಕೆ ಏರುತ್ತದೆ. ನಾಯಕಿಗೆ ಸ್ವಂತ ಇಚ್ಛೆಯನ್ನು ಕೊಟ್ಟ ಇಂದಿನ ಕಾದಂಬರಿಗಳು ಸ್ತೋತ್ರಕ್ಕಿಂತ ಓವಿಡ್‌ಗೇ ಹತ್ತಿರವಾಗಿವೆ.

ಹಳಿಯಾಳ, ಮುಂಡಗೋಡದಂತಹ ಭತ್ತದ ಸೀಮೆಯ ಓದುಗರಿಗೆ ಡಿಮೀಟರ್ ಪರಕೀಯಳಾಗಬೇಕಿಲ್ಲ. ಭೂಮಿ ಹುಣ್ಣಿಮೆ ಎಂದೂ ಹೆಸರಾದ ಸೀಗಿ ಹುಣ್ಣಿಮೆಯಂದು ಫಲ ಹೊತ್ತ ಭೂಮಿಯನ್ನು ಬಸುರಿಯೆಂದೇ ಭಾವಿಸಿ ಬಯಕೆಯ ಅಡುಗೆಯನ್ನು ಹೊಲಕ್ಕೆ ಒಯ್ಯುವ ನಾಡಿಗೆ, ಪೈರು ಮತ್ತು ತಾಯ್ತನ ಒಂದೇ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪುರಾಣವನ್ನು ಮರಳಿ ಬರೆಯುವಾಗ ಒಬ್ಬಳಿಗೆ ದನಿ ಕೊಡಲು ಇನ್ನೊಬ್ಬಳನ್ನು ಕುಗ್ಗಿಸಬೇಕಿಲ್ಲ ಎಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. ಹಳಿಯಾಳ, ಮುಂಡಗೋಡಗಳಿರುವ ಜಿಲ್ಲೆಯದೇ ಆದ ಶಿರಸಿಯಲ್ಲಿ ಬಾಲ್ಯವನ್ನು ಕಳೆದ ಗಿರೀಶ ಕಾರ್ನಾಡರು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾದ 'ಯಯಾತಿ' ನಾಟಕದಲ್ಲಿ, ತಂದೆಯ ಮುಪ್ಪನ್ನು ಹೊತ್ತ ಪುರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ಕಲ್ಪಿಸಿ, ಆ ತ್ಯಾಗವನ್ನು ಒಪ್ಪದೆ ವಿಷ ಕುಡಿಯುವ ಅವಳಿಂದ ಮಹಾಭಾರತದ ಆಖ್ಯಾನ ಕೇಳದ ಪ್ರಶ್ನೆಯನ್ನು ಕೇಳಿಸಿದರು. ಹಾಗೆಂದು ದೇವಯಾನಿ, ಶರ್ಮಿಷ್ಠೆಯರ ಮಾತಿನ ಮೊನೆ ಮೊಂಡಾಗಲಿಲ್ಲ. ಪರ್ಸೆಫೊನಿಯ ಒಲವನ್ನು ಕನ್ನಡಕ್ಕೆ ತರಲು ಬಯಸುವ ಕಾದಂಬರಿಕಾರರು ಮೊದಲು ಡಿಮೀಟರ್ ಸ್ತೋತ್ರವನ್ನು ಓದಲಿ, ತಾಯಿಗೆ ಅವಳ ಪಾಲನ್ನು ಮರಳಿ ಕೊಡಲಿ.