ಪಟ್ಟು ಬಿಡದ ಬೆಳಕು

ಒಂಬತ್ತನೆಯ ತರಗತಿಗೆ ಚಲನೆಯ ಪಾಠ ನಡೆದಿತ್ತು. ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುವ ರೈಲು. ಅದರೊಳಗೆ ಹುಡುಗನೊಬ್ಬ ಎಂಜಿನ್ನಿನ ಕಡೆಗೆ ಸೆಕೆಂಡಿಗೆ 2 ಮೀಟರಿನಂತೆ ನಡೆಯುತ್ತಿದ್ದಾನೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ಅವನ ವೇಗ ಎಷ್ಟು? ಇಡೀ ತರಗತಿ ಒಕ್ಕೊರಲಿನಿಂದ 22 ಎಂದಿತು. ನಾನು ಡಸ್ಟರಿಗೆ ಕೈಹಾಕಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ, ಅವ ಟಾರ್ಚ್ ಹಚ್ಚಿದ್ರ ಆ ಬೆಳಕಿನ ವೇಗಕ್ಕೂ 20 ಕೂಡತೈತೇನ್ರಿ?"

"ಕೂಡಂಗಿಲ್ಲ. ಅದೆಲ್ಲಾ ಕಾಲೇಜಿನ್ಯಾಗ ಬರತೈತಿ, ಕುಂದ್ರು" ಎಂದುಬಿಟ್ಟೆ.

ನಾಲ್ಕು ದಿನ ಬಿಟ್ಟು ಪಾಲಕರ ಸಭೆಗೆ ಅವಳ ತಂದೆ ಬಂದರು. ಅಂಕಪಟ್ಟಿಯನ್ನು ನೋಡಿ ಮಡಚಿಟ್ಟು, "ಸರ, ಕೂಡಂಗಿಲ್ಲ ಅಂದ್ರಂತ. ಯಾಕ ಕೂಡಂಗಿಲ್ಲ ಅಂತ ದಿನಾ ನನ್ನ ತಲಿ ತಿನ್ನಾಕ ಹತ್ಯಾಳ. ನಾ ಓದಿದವ ಅಲ್ಲ, ನೀವರ ಹೇಳ್ರಿ" ಎಂದರು. ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವನು ನಾನು. ಆ 'ಯಾಕೆ'ಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಶನಿವಾರ ಬರಲು ಹೇಳಿ ಮನೆಗೆ ಹೋಗಿ ಹಳೆಯ ಪುಸ್ತಕಗಳ ಧೂಳು ಕೊಡವಿದೆ. ಆ ಶನಿವಾರ ಅಪ್ಪ-ಮಗಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಕೂಡುವುದಿಲ್ಲ ಎನ್ನಲು ಆಧಾರವೇನು? ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಲೆಕ್ಕಕ್ಕೆ ಮೂರು ಲಕ್ಷ ಕಿಲೋಮೀಟರ್ ಎನ್ನೋಣ. ನಮ್ಮ ಭೂಮಿಯೇ ಒಂದು ರೈಲು. ಅದು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಹಾಗಾದರೆ ಭೂಮಿ ಓಡುವ ದಿಕ್ಕಿನಲ್ಲಿ ಹೋಗುವ ಬೆಳಕಿಗೂ ಅಡ್ಡಡ್ಡ ಹೋಗುವ ಬೆಳಕಿಗೂ ವ್ಯತ್ಯಾಸ ಕಾಣಬೇಕು. ಅದನ್ನು ಹಿಡಿಯಲು ಅಮೆರಿಕದ ಮೈಕೆಲ್ಸನ್ ಮತ್ತು ಮೋರ್ಲೆ 1887ರಲ್ಲಿ ಬಹು ಸೂಕ್ಷ್ಮವಾದ ಉಪಕರಣ ಕಟ್ಟಿದರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ.

ಹುಡುಗಿಯ ಪ್ರಶ್ನೆಗೆ ಇನ್ನೂ ನೇರವಾದ ಉತ್ತರ 1964ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ದೊರೆಯಿತು. ಅಲ್ಲಿ ಟಾರ್ಚ್ ಹಿಡಿದು ಓಡಿದ್ದು ಪಯಾನ್ ಎಂಬ ಕಣ. ಅದರ ವೇಗ ಬೆಳಕಿನ ವೇಗದ ಶೇಕಡಾ 99.9ಕ್ಕೂ ಹೆಚ್ಚು. ಓಡುತ್ತಲೇ ಅದು ಒಡೆದು ಗಾಮಾ ಕಿರಣಗಳಾಗುತ್ತದೆ. ಗಾಮಾ ಕಿರಣವೂ ಒಂದು ಬಗೆಯ ಬೆಳಕೇ. ನಮ್ಮ ಕೂಡುವ ಲೆಕ್ಕ ಸರಿಯಿದ್ದರೆ ಮುಂದಕ್ಕೆ ಚಿಮ್ಮಿದ ಕಿರಣ ಹೆಚ್ಚು ಕಡಿಮೆ ಇಮ್ಮಡಿ ವೇಗದಲ್ಲಿ ಹೋಗಬೇಕಿತ್ತು. ಅಳೆದಾಗ ಬಂದದ್ದು ಅದೇ ಮೂರು ಲಕ್ಷ.

1905ರಲ್ಲೇ ಐನ್‌ಸ್ಟೀನ್ ಈ ಹಟಕ್ಕೆ ಶರಣಾಗಿದ್ದರು. ಯಾವ ಚೌಕಟ್ಟಿನಲ್ಲಿ, ಅಂದರೆ ಓಡುವ ರೈಲಿನಲ್ಲಾಗಲಿ ನಿಂತ ಪ್ಲಾಟ್‌ಫಾರ್ಮಿನಲ್ಲಾಗಲಿ, ಬೆಳಕಿನ ವೇಗ ಒಂದೇ ಎಂದು ಮೊದಲು ಒಪ್ಪಿಕೊಳ್ಳೋಣ, ಉಳಿದದ್ದು ಏನಾಗುತ್ತದೋ ನೋಡೋಣ ಎಂದರು. ಉಳಿದದ್ದೇನು ಸಣ್ಣದಲ್ಲ.

ನಮ್ಮ ಹುಬ್ಬಳ್ಳಿ ನಿಲ್ದಾಣಕ್ಕೇ ಹೋಗೋಣ. 2023ರಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲೇ ಅತಿ ಉದ್ದವೆಂದು ಹೆಸರಾದ 1,507 ಮೀಟರಿನ ಪ್ಲಾಟ್‌ಫಾರ್ಮ್ ಅಲ್ಲಿದೆ. (ಬೋಗಿ ಹುಡುಕಿಕೊಂಡು ಚೀಲ ಹೊತ್ತು ನಡೆದವರಿಗೆ ಅದರ ಉದ್ದ ಹೇಳಬೇಕಾಗಿಲ್ಲ.) ಅದರ ಪಕ್ಕದಲ್ಲಿ ಒಂದು ರೈಲು ಹಾದುಹೋಗುತ್ತಿದೆ. ಬೋಗಿಯ ನೆಲದಿಂದ ಒಂದು ಬೆಳಕಿನ ಮಿಂಚು ನೇರ ಮೇಲಕ್ಕೆ ಹೋಗಿ ಚಾವಣಿಯ ಕನ್ನಡಿಗೆ ಬಡಿದು ಕೆಳಗೆ ಬರುತ್ತದೆ. ಒಳಗೆ ಕುಳಿತವನಿಗೆ ಅದರ ದಾರಿ ನೆಟ್ಟಗಿನ ಗೆರೆ. ಪ್ಲಾಟ್‌ಫಾರ್ಮಿನಲ್ಲಿ ನಿಂತ ನಮಗೆ ಹಾಗಲ್ಲ. ಮಿಂಚು ಮೇಲೇರುವಷ್ಟರಲ್ಲಿ ಕನ್ನಡಿ ಮುಂದೆ ಹೋಗಿರುತ್ತದೆ, ಇಳಿಯುವಷ್ಟರಲ್ಲಿ ನೆಲವೂ ಮುಂದೆ ಹೋಗಿರುತ್ತದೆ. ಆದ್ದರಿಂದ ನಮಗೆ ಅದು ಓರೆ ದಾರಿ, ಹೆಚ್ಚು ಉದ್ದದ ದಾರಿ.

ಇಲ್ಲಿ ಸ್ವಲ್ಪ ನಿಲ್ಲಿ. ಚೆಂಡಾಗಿದ್ದರೆ ರೈಲಿನ ವೇಗವೂ ಅದಕ್ಕೆ ಕೂಡಿ, ಹೆಚ್ಚಿನ ದಾರಿಯನ್ನು ಹೆಚ್ಚಿನ ವೇಗ ಸರಿದೂಗಿಸುತ್ತಿತ್ತು. ಬೆಳಕು ವೇಗ ಹೆಚ್ಚಿಸಿಕೊಳ್ಳಲು ಒಪ್ಪುವುದಿಲ್ಲ. ದಾರಿ ಉದ್ದ, ವೇಗ ಅಷ್ಟೇ. ಹಾಗಾದರೆ ಹೆಚ್ಚು ಹೊತ್ತು ಹಿಡಿಯಲೇಬೇಕು. ಅದೇ ಮಿಂಚಿನ ಅದೇ ಹೋಗಿಬರುವಿಕೆಗೆ ಒಳಗಿನವನ ಗಡಿಯಾರ ಒಂದು ಹೊತ್ತು ತೋರಿಸಿದರೆ, ನಮ್ಮ ಗಡಿಯಾರ ಅದಕ್ಕಿಂತ ಹೆಚ್ಚು ತೋರಿಸುತ್ತದೆ. ಓಡುವ ಗಡಿಯಾರ ನಿಧಾನ! ಬೆಳಕು ಪಟ್ಟು ಬಿಡಲಿಲ್ಲ, ಕಾಲ ಬಗ್ಗಬೇಕಾಯಿತು.

"ನಾ ದಿನಾ ರೈಲಿನ್ಯಾಗ ಅಡ್ಡಾಡತೀನಿ, ನನ್ನ ಗಡಿಯಾರ ಹಿಂದ ಬಿದ್ದಿಲ್ಲಲ್ರಿ" ಎಂದರು ತಂದೆ. ಬೀಳುತ್ತದೆ, ಕಾಣುವುದಿಲ್ಲ ಅಷ್ಟೆ. ನಮ್ಮ 72 ಕಿಲೋಮೀಟರ್ ವೇಗದ ರೈಲಿನಲ್ಲಿ ಒಂದೇ ಒಂದು ಸೆಕೆಂಡ್ ವ್ಯತ್ಯಾಸವಾಗಬೇಕಾದರೆ ಆ ರೈಲು ಸುಮಾರು 1 ಕೋಟಿ 40 ಲಕ್ಷ ವರ್ಷ ನಿಲ್ಲದೆ ಓಡಬೇಕು. ನಡೆಯುವ ಹುಡುಗನ ವೇಗವೂ ಸರಿಯಾಗಿ 22 ಅಲ್ಲ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ. ಪರೀಕ್ಷೆಯಲ್ಲಿ ಮಾತ್ರ 22 ಎಂದೇ ಬರೆಯಿರಿ.

ಕಾಣುವಂತೆ ತೋರಿಸಬೇಕಾದರೆ ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಗಡಿಯಾರ ಬೇಕು. ಅಂಥ ಗಡಿಯಾರಗಳು ಆಕಾಶದಿಂದ ಸುರಿಯುತ್ತಲೇ ಇವೆ. ಬಾಹ್ಯಾಕಾಶದ ವಿಶ್ವಕಿರಣಗಳು ಮೇಲಿನ ವಾತಾವರಣಕ್ಕೆ ಬಡಿದಾಗ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ, ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಇವುಗಳ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 2.2 ಭಾಗ ಮಾತ್ರ. ಅಷ್ಟರಲ್ಲಿ ಬೆಳಕೇ ಓಡಿದರೂ 660 ಮೀಟರ್ ದಾಟುತ್ತದೆ. ಹುಬ್ಬಳ್ಳಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಹೊರಟರೆ ನಡುಮಧ್ಯ ಮುಟ್ಟುವ ಮೊದಲೇ ಸಾವು! ಹಳೆಯ ಲೆಕ್ಕದಂತೆ 15 ಕಿಲೋಮೀಟರ್ ಇಳಿದು ಬರಲು ನೂರು ಕೋಟಿಯಲ್ಲಿ ಒಂದಕ್ಕೂ ಸಾಧ್ಯವಿಲ್ಲ. ಆದರೆ ನೀವು ಈ ಸಾಲು ಓದುತ್ತಿರುವಾಗಲೂ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದರಂತೆ ಮ್ಯೂಆನ್‌ಗಳು ಹಾದುಹೋಗುತ್ತಿವೆ. ಓಡುವುದರಿಂದ ಅವುಗಳ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗಿದೆ, ಆಯುಷ್ಯ ಬೆಳೆದಿದೆ. ಬೆಳಕಿನ ಶೇಕಡಾ 99.9ರಷ್ಟು ವೇಗವಿದ್ದರೆ ಸುಮಾರು 22 ಪಟ್ಟು. 1941ರಲ್ಲೇ ರೊಸ್ಸಿ ಮತ್ತು ಹಾಲ್ ಅಮೆರಿಕದ ಕೊಲೊರಾಡೊದಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಎಣಿಸಿ ಇದನ್ನು ತೋರಿಸಿದ್ದರು.

ಮ್ಯೂಆನ್‌ಗಳ ಕಥೆಯಲ್ಲಿ ನಮ್ಮ ನಾಡಿನದೂ ಒಂದು ಅಧ್ಯಾಯವಿದೆ. ಶಾಲಾ ಪುಸ್ತಕಗಳಲ್ಲಿ ಕೋಲಾರ ಎಂದರೆ ಚಿನ್ನ. ಚಿನ್ನ ತೆಗೆದ ಆ ಸುರಂಗಗಳಿಗೆ 1950ರ ದಶಕದ ಆರಂಭದಲ್ಲಿ ಮ್ಯೂಆನ್ ಎಣಿಸಲು ಇಳಿದವರು, 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಆಗ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ಸಂಶೋಧಕರು. ಮುಂದೆ ಅದರ ನಿರ್ದೇಶಕರೂ ಆದರು. ಆಳಕ್ಕೆ ಇಳಿದಂತೆ ಎಣಿಕೆ ಕಡಿಮೆಯಾಗುತ್ತಿತ್ತು. ಬಂಡೆಯನ್ನು ಸೀಳಲು ಅಪಾರ ಶಕ್ತಿ ಬೇಕು, ಅಲ್ಲಿಯವರೆಗೆ ಬದುಕಿರಲು ಹಿಗ್ಗಿದ ಆಯುಷ್ಯವೂ ಬೇಕು. ಎರಡೂ ಇದ್ದವು ಮಾತ್ರ ಕೆಳಗೆ ಬಂದವು. ತೀರ ಆಳದಲ್ಲಿ ಅವೂ ವಿರಳವಾದ್ದರಿಂದಲೇ, 1965ರಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿಯಲು ಸಾಧ್ಯವಾಯಿತು. 2001ರಲ್ಲಿ ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. ಇಪ್ಪತ್ತೈದು ವರ್ಷ ಪಾಠ ಹೇಳಿದ ನಾನು ಒಮ್ಮೆಯೂ ಇದನ್ನು ತರಗತಿಯಲ್ಲಿ ಹೇಳಿರಲಿಲ್ಲ.

ತಂದೆ ತಲೆದೂಗಿದರು. ಮಗಳಿಗೆ ಸಮಾಧಾನವಾಗಲಿಲ್ಲ. "ಸರ, ಹಂಗಾರ ಮ್ಯೂಆನಿಗೆ ತಾನು ಭಾಳ ಹೊತ್ತು ಬದುಕೀನಿ ಅನಸತೈತೇನ್ರಿ?"

ಇಲ್ಲ. ಅದರ ಚೌಕಟ್ಟಿನಲ್ಲಿ ಅದು ನಿಂತಿದೆ, ಭೂಮಿಯೇ ಅದರತ್ತ ಧಾವಿಸುತ್ತಿದೆ. ಅದರ ಆಯುಷ್ಯ ಅದಕ್ಕೆ ಅದೇ 2.2 ಭಾಗ. ಆದರೆ ಧಾವಿಸಿ ಬರುವ ವಾತಾವರಣ ಅದರ ಅಳತೆಯಲ್ಲಿ ಕುಗ್ಗಿರುತ್ತದೆ. ನಮಗೆ 15 ಕಿಲೋಮೀಟರ್ ಇರುವುದು ಅದಕ್ಕೆ ಸುಮಾರು 670 ಮೀಟರ್.

ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಭಾಗಾಕಾರ ಮಾಡಿ ನೋಡಿದಳು. "ನಮ್ಮ ಪ್ಲಾಟ್‌ಫಾರ್ಮಿನ ಅರ್ಧಾನೂ ಇಲ್ಲಲ್ರಿ ಸರ!" ಎಂದಳು.