ಕೇಳಲಾರದವರ ಪಗಾರ

ಕಳೆದ ಮಾಘಮಾಸದ ಒಂದು ಮಧ್ಯಾಹ್ನ. ನಾನು ಆಡಳಿತ ಮಂಡಳಿಯ ಸದಸ್ಯನಾಗಿರುವ ವಿದ್ಯಾಸಂಸ್ಥೆಯೊಂದರ ಕಚೇರಿಯಲ್ಲಿ ಕುಳಿತಿದ್ದೆ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿಯೇ ಗುಮಾಸ್ತರಾಗಿರುವ ಗೃಹಸ್ಥರೊಬ್ಬರು ಪಾದರಕ್ಷೆಗಳನ್ನು ಬಾಗಿಲ ಹೊರಗೆ ಬಿಟ್ಟು ಒಳಬಂದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದವೊಂದಿತ್ತು. "ಪಗಾರದ ಮಾತು ಸ್ವಲ್ಪ ಇತ್ತು, ಅಪ್ಪಣೆಯಾದರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಮಠದ ಪ್ರಸಾದವುಂಡು ಬೆಳೆದವನು. ಇಂತಹ ಸಂದರ್ಭದಲ್ಲಿ ನಾಲಗೆಗೆ ಶರಣರ ಕಥೆ ತಾನಾಗಿಯೇ ಬರುತ್ತದೆ. ಕಾಯಕತತ್ತ್ವದ ಮಹಿಮೆಯನ್ನು ವಿವರಿಸಿದೆ, ಆಯ್ದಕ್ಕಿ ಮಾರಯ್ಯ ದಂಪತಿಗಳ ಪ್ರಸಂಗವನ್ನು ಹೇಳಿದೆ. ಅವರು ತಲೆಬಾಗಿ ಕೇಳಿದರು, ಕಾಗದವನ್ನು ಜೇಬಿನಲ್ಲಿರಿಸಿಕೊಂಡರು, ಹೊರಟುಹೋದರು. ಅದರಲ್ಲಿ ಏನು ಬರೆದಿತ್ತೆಂದು ನಾನು ಕೇಳಲೂ ಇಲ್ಲ.

ಆ ಸಂಜೆ ಕುಷ್ಟಗಿಯ ಬಸ್ಸಿನಲ್ಲಿ ಕುಳಿತಾಗ ಮನಸ್ಸು ನೆಟ್ಟಗಿರಲಿಲ್ಲ. ಕಥೆಯನ್ನು ಹೇಳಿದ್ದು ಸರಿ. ಹೇಳಿದ್ದು ಯಾರಿಗೆ, ಯಾವ ಹೊತ್ತಿನಲ್ಲಿ ಎಂಬ ಪ್ರಶ್ನೆ ಕಾಡತೊಡಗಿತು.

ಮಾರಯ್ಯ ಮತ್ತು ಲಕ್ಕಮ್ಮ ನಮ್ಮ ನೆರೆಯವರೇ. ಅವರ ಊರು ಎಂದು ಹೇಳಲಾಗುವ ಅಮರೇಶ್ವರವು ಲಿಂಗಸೂಗೂರು ತಾಲ್ಲೂಕಿನಲ್ಲಿದೆ. ಕುಷ್ಟಗಿಯ ಗಡಿ ದಾಟಿದರೆ ಅದೇ ಸೀಮೆ. ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮ ಅದನ್ನು ಒಪ್ಪದೆ ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದಳು. ಇದು ಎಲ್ಲರೂ ಬಲ್ಲ ಕಥೆ. ಪಗಾರ ಹೆಚ್ಚಿಸಿರೆಂದು ಬಂದವರಿಗೆ ನಾವು ಹಿರಿಯರು ಇದನ್ನೇ ಹೇಳಿ ಕಳುಹಿಸುತ್ತ ಬಂದಿದ್ದೇವೆ. ಆದರೆ ಸ್ವಲ್ಪ ನಿಂತು ನೋಡಬೇಕು. ಇದು ಹೆಚ್ಚು, ಇದು ಸಾಕು ಎಂದು ನಿರ್ಣಯಿಸಿದವರು ಯಾರು? ಅಕ್ಕಿಯ ಒಡೆಯರಲ್ಲ. ದಿನದ ದಾಸೋಹಕ್ಕೆ ಎಷ್ಟು ಬೇಕೆಂಬ ಅಳತೆ ಲಕ್ಕಮ್ಮನಿಗೆ ಗೊತ್ತಿತ್ತು. ಒಲೆಯ ಮುಂದೆ ಕುಳಿತವಳ ಲೆಕ್ಕ ಅದು. ಹೆಚ್ಚಾದುದನ್ನು ಮರಳಿಸುವ ಅಧಿಕಾರ ಯಾರಿಗಿತ್ತೋ, ಕಡಿಮೆಯಾದರೆ ಕಡಿಮೆಯಾಯಿತೆಂದು ಹೇಳುವ ಅಧಿಕಾರವೂ ಅವರಿಗೇ ಇರಬೇಕಷ್ಟೆ. ಹಗ್ಗಕ್ಕೆ ಅದರ ಬೆಲೆಗಿಂತ ಮಿಗಿಲಾದ ಹೊನ್ನು ಬಂದಾಗ ಒಪ್ಪದ ನುಲಿಯ ಚಂದಯ್ಯನವರಿಗೂ ಹಗ್ಗದ ಸರಿಯಾದ ಬೆಲೆ ಎಷ್ಟೆಂಬುದು ತಿಳಿದಿತ್ತು. ಈ ಕಥೆಗಳ ಅರ್ಧವನ್ನು ಮಾತ್ರ ಹೇಳಿ, ಉಳಿದರ್ಧವನ್ನು ನುಂಗಿಕೊಂಡಿದ್ದೇವೆಂದು ನನಗೆ ಈಗ ತೋರುತ್ತದೆ. ಕಾಯಕದ ಮಾತನ್ನು ದುಡಿಯುವವನಿಗೆ ಹೇಳಿದಷ್ಟು ಸಲ ದುಡಿಸಿಕೊಳ್ಳುವವನಿಗೆ ನಾವು ಹೇಳಿಲ್ಲ.

ಇದರ ರುಚಿ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅನುದಾನವಿಲ್ಲದ ಶಾಲೆಯೊಂದರಲ್ಲಿ ನಾನು ಸಂಸ್ಕೃತ ಮತ್ತು ಕನ್ನಡ ಕಲಿಸುತ್ತಿದ್ದೆ. ಸಹಿ ಮಾಡುತ್ತಿದ್ದ ಮೊತ್ತ ಒಂದು, ಕೈಗೆ ಬರುತ್ತಿದ್ದುದು ಇನ್ನೊಂದು. ಮೂರನೆಯ ವರ್ಷ ಧೈರ್ಯ ಮಾಡಿ ಕಾರ್ಯದರ್ಶಿಗಳ ಮುಂದೆ ನಿಂತಾಗ, "ವಿದ್ಯಾದಾನಕ್ಕೆ ಬೆಲೆ ಕಟ್ಟುತ್ತೀರಾ?" ಎಂದರು. ನಾನು ನಾಚಿ ಹಿಂದಿರುಗಿದೆ. ಮನೆಯಲ್ಲಿ ಕೂಸಿಗೆ ಹಾಲು ಹಾಕುತ್ತಿದ್ದ ಗೌಳಿಗನು ಮಾತ್ರ ಬೆಲೆ ಕಟ್ಟುವುದನ್ನು ಬಿಟ್ಟಿರಲಿಲ್ಲ. ನಲವತ್ತು ವರ್ಷಗಳ ನಂತರ ಅದೇ ಮಾತನ್ನು, ಇನ್ನಷ್ಟು ಅಂದವಾದ ಶಬ್ದಗಳಲ್ಲಿ, ನಾನೇ ಆಡಿದ್ದೆ.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕೂಲಿ ಹೆಚ್ಚಿಸಿರೆಂದು ಕೇಳುವ ಪದ್ಧತಿ ಹೊಸದೇನಲ್ಲ. ಒಣಬೇಸಾಯದ ಕುಷ್ಟಗಿ, ಯಲಬುರ್ಗಾಗಳಲ್ಲಿ ಸಂಬಳದಾಳಿನ ಕರಾರು ಯುಗಾದಿಯಿಂದ ಯುಗಾದಿಗೆ. ಹಬ್ಬ ಸಮೀಪಿಸಿದಾಗ ಆಳು ಒಡೆಯನ ಕಟ್ಟೆಗೆ ಬರುವುದು, ಇಬ್ಬರ ನಡುವೆ ಹಿರಿಯನೊಬ್ಬ ಕುಳಿತುಕೊಳ್ಳುವುದು, ಜೋಳ ಎಷ್ಟು, ರೊಕ್ಕ ಎಷ್ಟು, ಧೋತರ ಕಂಬಳಿ ಎಷ್ಟು ಎಂದು ಚೌಕಾಸಿ ನಡೆಯುವುದು, ಇವನ್ನೆಲ್ಲ ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅಲ್ಲಿ ಕೇಳುವುದಕ್ಕೆ ಒಂದು ದಿನವಿತ್ತು. ಆ ದಿನ ಕೇಳಿದರೆ ಯಾರೂ ಉದ್ಧಟತನವೆನ್ನುತ್ತಿರಲಿಲ್ಲ. ಆದರೆ ಮಗಳ ಮದುವೆಗೆಂದು ಮುಂಗಡ ಪಡೆದವನಿಗೆ ಆ ದಿನವೂ ಇರಲಿಲ್ಲ. ಸಾಲ ತೀರುವವರೆಗೆ ಹೋದ ವರ್ಷದ ದರವೇ ಈ ವರ್ಷಕ್ಕೂ. ತೀರುವುದೆಂದರೆ ಅದು ತೀರದು. ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾನೂನು ಮುರಿದದ್ದು ಈ ಮುಂಗಡದ ಸರಪಳಿಯನ್ನೇ.

ಗಂಗಾವತಿಯ ಕಾಲುವೆ ಪ್ರದೇಶದ ನಡೆ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಎಲ್ಲರ ಗದ್ದೆಯಲ್ಲಿಯೂ ಒಂದೇ ಸಲ ನಾಟಿಯಾಗಬೇಕು. ಸಸಿ ಮಡಿಯಲ್ಲಿ ಬಲಿತುಹೋದರೆ ಇಳುವರಿ ಕುಸಿಯುತ್ತದೆ. ಆಗ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು, ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಡಿಯೇ ಕೆಸರಿಗೆ ಕಾಲಿಡುತ್ತಾರೆ. ಅಕ್ಷರ ಕಲಿಯದ ಆ ತಾಯಂದಿರು, ಕೆಲಸದ ಅಗತ್ಯ ಒಡೆಯನಿಗೆ ಹೆಚ್ಚಾಗಿರುವಾಗ, ಒಬ್ಬೊಬ್ಬರಾಗಿ ಅಲ್ಲದೆ ಕೂಡಿಕೊಂಡು, ಕೆಲಸಕ್ಕೆ ಮೊದಲೇ ಕೇಳುತ್ತಾರೆ. ಪದವಿ ಪಡೆದ ನಮ್ಮ ಗುಮಾಸ್ತರಿಗೆ ಇದು ತಿಳಿಯದು. ನೀರಿಲ್ಲದ ವರ್ಷ ಆ ಬಲವೂ ಇರುವುದಿಲ್ಲವೆನ್ನಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಗದ್ದೆಯ ಒಡೆಯನಿಗೂ ನಾಟಿಯ ಹೆಣ್ಣುಮಗಳಿಗೂ ಒಂದೇ ಸಲ ಎದೆ ನಡುಗಿತು.

ಒಣಭೂಮಿಯ ಜನಕ್ಕೆ ಇನ್ನೊಂದು ದಾರಿಯಿತ್ತು: ಗುಳೆ. ಗೋವೆ, ಮಂಗಳೂರು, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೆ ಹೋಗಿ ಬಂದವನು ಊರಿನ ಕೂಲಿಯನ್ನು ಅಲ್ಲಿಯದರೊಡನೆ ತೂಗಿ ನೋಡುತ್ತಾನೆ. ಮುಂದೆ ಉದ್ಯೋಗ ಖಾತರಿ ಯೋಜನೆ ಬಂದಿತು. ಕೆರೆಯ ಹೂಳು ತೆಗೆಯುವಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಕರ್ನಾಟಕದಲ್ಲಿ ಅದು 2024-25ರಲ್ಲಿ ದಿನಕ್ಕೆ 349 ರೂಪಾಯಿ, 2025-26ರಲ್ಲಿ 370 ರೂಪಾಯಿ ಎಂದು ನಿಗದಿಯಾಯಿತು. ಹೊಲದಲ್ಲಿ ಗಂಡಾಳಿಗಿಂತ ಕಡಿಮೆ ಪಡೆಯುತ್ತಿದ್ದ ಹೆಣ್ಣಾಳಿಗೆ, "ಸರಕಾರ ಇಷ್ಟು ಕೊಡುತ್ತದೆ, ನೀವೇಕೆ ಕೊಡಿರಿ?" ಎಂದು ಕೇಳಲು ಮೊದಲ ಬಾರಿಗೆ ಒಂದು ಅಂಕಿ ಸಿಕ್ಕಿತು. ಅದರಿಂದ ಬೇಸಾಯ ಕೆಟ್ಟಿತೆಂದು ಗೊಣಗುವವರು ನಮ್ಮಲ್ಲಿ ಹಲವರಿದ್ದಾರೆ. ಬೇಸಾಯದ ಕಷ್ಟ ನಿಜವೇ. ಆದರೆ ಬೆಳೆಗೆ ಬೆಲೆ ಸಿಗದ ಭಾರವನ್ನೆಲ್ಲ ಕಳೆ ತೆಗೆಯುವವಳ ಸೆರಗಿಗೆ ಕಟ್ಟುವುದು ನ್ಯಾಯವಲ್ಲ.

ಇವರೆಲ್ಲರ ನಡುವೆ ಕೇಳಲು ದಿನವೂ ಇಲ್ಲದ, ಗುಂಪೂ ಇಲ್ಲದ, ಅಂಕಿಯೂ ಇಲ್ಲದ ಒಂದು ವರ್ಗವಿದೆ. ಅಂಗಡಿಯ ಲೆಕ್ಕ ಬರೆಯುವವರು, ಖಾಸಗಿ ಶಾಲೆಯ ಶಿಕ್ಷಕಿಯರು, ಪ್ರಸಾದನಿಲಯದ ಅಡಿಗೆಯವರು, ನಮ್ಮಂತಹ ಸಂಸ್ಥೆಗಳ ಗುಮಾಸ್ತರು. ಸರಕಾರಿ ನೌಕರರಿಗೆ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಅದು ಸಾಲದಾದಾಗ ಅವರು 2023ರ ಮಾರ್ಚ್ 1ರಂದು ರಾಜ್ಯಾದ್ಯಂತ ಕೆಲಸ ನಿಲ್ಲಿಸಿದರು. ಅಂದೇ ಶೇಕಡಾ 17ರ ಮಧ್ಯಂತರ ಹೆಚ್ಚಳ ಘೋಷಣೆಯಾಯಿತು, ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಆಶಾ ಕಾರ್ಯಕರ್ತೆಯರಿಗೆ ಸಿಗುವುದನ್ನು ವೇತನವೆಂದು ಕರೆಯುವುದೇ ಇಲ್ಲ. ಗೌರವಧನ, ಪ್ರೋತ್ಸಾಹಧನ ಎನ್ನುತ್ತಾರೆ. ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಹಗಲು ಕುಳಿತ ಮೇಲೆ, ಏಪ್ರಿಲಿನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಪಡೆದರು. ಸೇವೆ, ಗೌರವ, ಕಾಯಕ ಎಲ್ಲವೂ ದೊಡ್ಡ ಶಬ್ದಗಳು. ಶಬ್ದ ದೊಡ್ಡದಾದಷ್ಟೂ ಅದರ ಮರೆಯಲ್ಲಿ ಸಣ್ಣ ಮೊತ್ತವನ್ನು ಬಚ್ಚಿಡುವುದು ಸುಲಭ.

ಕೇಳಬೇಕೆಂದಿರುವ ತರುಣರಿಗೆ ಕೆಲವು ವಿಷಯಗಳು ತಿಳಿದಿರಬೇಕು. ಪಗಾರ ಇದ್ದಲ್ಲಿಯೇ ಇದೆಯೆಂದರೆ ಅದು ಇಳಿಯುತ್ತಿದೆಯೆಂದೇ ಅರ್ಥ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೂ ಮೂರು ವರ್ಷ ಬದಲಾಗದ 10,000 ರೂಪಾಯಿಗೆ ಹಳೆಯ ಲೆಕ್ಕದಲ್ಲಿ ಸುಮಾರು 8,640 ರೂಪಾಯಿಯ ಸಾಮಾನು ಮಾತ್ರ ಬರುತ್ತದೆ. ಅಷ್ಟನ್ನು ತುಂಬಿಕೊಡಿರೆಂಬುದು ಹೆಚ್ಚಳದ ಬೇಡಿಕೆಯೇ ಅಲ್ಲ, ಮೊದಲು ಒಪ್ಪಿದ್ದನ್ನು ಉಳಿಸಿರೆಂಬ ಮಾತು. ಎರಡನೆಯದಾಗಿ, ಕನಿಷ್ಠ ವೇತನವೆಂಬುದು ದಯೆಯಲ್ಲ. 1948ರ ಕಾಯಿದೆಯ ಮೂಲ ಪಟ್ಟಿಯಲ್ಲಿಯೇ ಅಕ್ಕಿಗಿರಣಿಯ ಕೆಲಸ ಸೇರಿತ್ತು. ಗಂಗಾವತಿಯ ಗಿರಣಿಗಳ ಹಮಾಲರು ಇದನ್ನು ನೆನಪಿಡಬೇಕು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿಯು ನಿಷೇಧಿಸುವ ಬಲಾತ್ಕಾರದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ತೀರ್ಪಿತ್ತಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯು ಪಟ್ಟಿಯ ಉದ್ಯೋಗಗಳಿಗಷ್ಟೇ ಅಲ್ಲದೆ ಎಲ್ಲ ಉದ್ಯೋಗಗಳಿಗೂ ಕನಿಷ್ಠ ವೇತನವನ್ನು ವಿಸ್ತರಿಸಿದೆ. ತಿಂಗಳ ಪಗಾರ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಕೈಸೇರಬೇಕೆಂದೂ ಹೇಳುತ್ತದೆ.

ರೊಕ್ಕವೇ ಹೆಚ್ಚಳದ ಏಕೈಕ ರೂಪವಲ್ಲ. ಇಪ್ಪತ್ತು ಜನ ದುಡಿಯುವಲ್ಲಿ ಭವಿಷ್ಯನಿಧಿ ಇರಬೇಕು, ಹತ್ತು ಜನ ಇರುವ ಕಡೆ, 21,000 ರೂಪಾಯಿಯವರೆಗಿನ ಪಗಾರದವರಿಗೆ, ರಾಜ್ಯ ವಿಮೆಯ ಆಸ್ಪತ್ರೆ ಸೌಲಭ್ಯ ಸಿಗಬೇಕು. ಒಡೆಯನು ಭವಿಷ್ಯನಿಧಿಗೆ ಕಟ್ಟುವ ನೂರಕ್ಕೆ 12 ಕಣ್ಣಿಗೆ ಕಾಣದ ಪಗಾರ. ಅದನ್ನು ಕೇಳಲು ಮರೆತು ಐನೂರು ರೂಪಾಯಿಗಾಗಿ ಹಟ ಹಿಡಿದವರನ್ನು ನಾನು ನೋಡಿದ್ದೇನೆ.

ಕೇಳುವ ರೀತಿಯ ಬಗ್ಗೆ ಹೇಳುವುದಾದರೆ, ನಮ್ಮ ಜನ ಕೇಳುವುದು ಸಾಮಾನ್ಯವಾಗಿ ಎರಡೇ ವಿಧ: ಅಳುತ್ತ, ಇಲ್ಲವೆ ರಾಜೀನಾಮೆ ಎಸೆಯುತ್ತ. ಅತ್ತರೆ ಇನ್ನೂರು ರೂಪಾಯಿ ಭಿಕ್ಷೆಯಾಗಿ ಬರುತ್ತದೆ. ಎಸೆದರೆ ಒಡೆಯನ ಅಭಿಮಾನಕ್ಕೆ ಪೆಟ್ಟು ಬಿದ್ದು ಮಾತೇ ಮುಗಿಯುತ್ತದೆ. ಸೇರಿದಾಗ ಒಪ್ಪಿದ ಕೆಲಸವೇನು, ಈಗ ಮಾಡುತ್ತಿರುವುದೇನು, ಅದೇ ಕೆಲಸಕ್ಕೆ ನೆರೆಯ ಊರಿನಲ್ಲಿ ಎಷ್ಟು ಕೊಡುತ್ತಾರೆ, ನಿನಗೆ ಎಷ್ಟು ಬೇಕು ಎಂಬ ನಾಲ್ಕು ಸಾಲನ್ನು ಬರೆದುಕೊಂಡು ಹೋಗಬೇಕು. ಎಷ್ಟು ಬೇಕೆಂಬ ಅಂಕಿಯನ್ನು ಬಾಯಿಬಿಟ್ಟು ಹೇಳಬೇಕು. "ತಾವೇ ನೋಡಿ ಮಾಡಿರಿ" ಎಂಬುದು ವಿನಯವೆಂದು ನಾವು ತಿಳಿದಿದ್ದೇವೆ. ಅದು ಒಡೆಯನನ್ನೂ ಇಕ್ಕಟ್ಟಿಗೆ ಸಿಲುಕಿಸುತ್ತದೆ. ಆಯವ್ಯಯ ಬರೆದು ಮುಗಿಸಿದ ಏಪ್ರಿಲಿನಲ್ಲಿ ಕೇಳುವುದಕ್ಕಿಂತ ಫೆಬ್ರುವರಿಯಲ್ಲಿ ಕೇಳುವುದು ಮೇಲು.

ಇನ್ನು ಒಡೆಯರ ವಿಷಯ. ನಮ್ಮ ಸಮಾಜದಲ್ಲಿ ಗಿರಣಿ, ಅಂಗಡಿ, ಹೊಲ, ಶಾಲೆಗಳನ್ನು ನಡೆಸುವವರು ಬಹಳ. ಜಾತ್ರೆಯ ದಾಸೋಹಕ್ಕೆ ಚೀಲಗಟ್ಟಲೆ ಅಕ್ಕಿ ಕಳುಹಿಸುವ ಉದಾರಿಗಳು ಅವರು. ಆ ಚೀಲವನ್ನು ಹೊತ್ತು ಲಾರಿಗೆ ಏರಿಸಿದವನ ದರ ಎಷ್ಟು ವರ್ಷ ಹಿಂದಿನದೆಂದು ಅದೇ ದಿನ ಒಮ್ಮೆ ವಹಿಯಲ್ಲಿ ನೋಡುವುದು ಕಷ್ಟವಾಗಲಾರದು. ಕೊಡಲು ಶಕ್ತಿಯಿಲ್ಲದಿದ್ದರೆ ಲೆಕ್ಕ ತೆರೆದು ತೋರಿಸಿ, ಇಲ್ಲವೆನ್ನಲಿ. ಇಲ್ಲವೆಂಬುದೂ ಒಂದು ಉತ್ತರವೇ. ನಾನು ಕೊಟ್ಟಂತಹ ಉಪದೇಶ ಮಾತ್ರ ಉತ್ತರವಲ್ಲ.

ಹದಿನೈದು ದಿನಗಳ ಬಳಿಕ ನಾನಾಗಿಯೇ ಆ ಗುಮಾಸ್ತರನ್ನು ಕರೆದು ಕಾಗದವನ್ನು ಕೇಳಿದೆ. ಕೊಡಲು ಹಿಂಜರಿದರು. ಬಿಡಿಸಿ ನೋಡಿದರೆ ಮೊದಲ ಸಾಲಿನಲ್ಲಿ ಪಗಾರದ ಮಾತೇ ಇಲ್ಲ. ಸಂಸ್ಥೆಯ ಬ್ಯಾಂಕಿನ ಕೆಲಸಕ್ಕೆ ವಾರಕ್ಕೊಮ್ಮೆ ಕೊಪ್ಪಳಕ್ಕೆ ಹೋಗಿ ಬರುವ ಬಸ್ಸಿನ ಖರ್ಚು, ಎರಡೂವರೆ ವರ್ಷದ್ದು, ಕೈಯಿಂದ ಹಾಕಿದ್ದು. ಅದರ ಕೆಳಗೆ ಮನೆಯ ಒಂದು ತಿಂಗಳ ವೆಚ್ಚ: ಜೋಳ, ಎಣ್ಣೆ, ತಾಯಿಯ ಔಷಧ, ಮಗನ ಕಾಲೇಜಿನ ಶುಲ್ಕದ ಕಂತು. ಕೊನೆಯಲ್ಲಿ, ಬಹಳ ಚಿಕ್ಕ ಅಕ್ಷರಗಳಲ್ಲಿ, ಎರಡು ಸಾವಿರ ರೂಪಾಯಿ ಹೆಚ್ಚಿಸಬೇಕೆಂಬ ವಿನಂತಿ.

ಮಂಡಳಿಯ ಸಭೆಗೆ ಅವರನ್ನು ಕರೆಸಿ ಕುರ್ಚಿ ಹಾಕಿಸಿದೆವು. ಕಾಗದವನ್ನು ನಾನೇ ಓದಿದೆ. ಸದಸ್ಯರೊಬ್ಬರು ಮೂರು ವರ್ಷಗಳಿಗೆ ಹಂಚಿ ಕೊಡೋಣವೆಂದರು, ಇನ್ನೊಬ್ಬರು ಉಳಿದವರೂ ಕೇಳುತ್ತಾರೆಂದು ಹೆದರಿದರು. ಉಳಿದವರೂ ಕೇಳಲಿ ಎಂದು ಅಧ್ಯಕ್ಷರು ಹೇಳಿದ ಮೇಲೆ ಚರ್ಚೆ ಮುಗಿಯಿತು. ಹೆಚ್ಚಳ ಯುಗಾದಿಯಿಂದ, ಬಸ್ಸಿನ ಬಾಕಿ ಅಂದೇ. ಬಾಕಿಯನ್ನು ನಾನು ಗಟ್ಟಿಯಾಗಿ ಕೂಡಿಸಿ ಹೇಳಿದೆ. ಗುಮಾಸ್ತರು ಕುರ್ಚಿಯಿಂದ ಸ್ವಲ್ಪ ಎದ್ದು, ರಜೆಯ ಎರಡು ವಾರ ತಾವು ಹೋಗಿರಲಿಲ್ಲವೆಂದೂ, ನನ್ನ ಮೊತ್ತದಲ್ಲಿ ನೂರಿಪ್ಪತ್ತು ರೂಪಾಯಿ ಹೆಚ್ಚಾಗಿದೆಯೆಂದೂ ತಿದ್ದಿದರು.